ಬರೂ ಶನಿವಾರಗಳು

ಸಮಾಜ ಮಂದಿರದ ಕೀಲಿ ನನ್ನ ಸೊಂಟದಾಗ ಐತಿ,
ಕರಿ ಹಲಗಿ ಬಾಗಿಲದ ಎಡಕ್ಕ.
ಅರ್ಧ ಕನ್ನಡ, ಅರ್ಧ ಮರಾಠಿ ಬರೀತೀನಿ,
ತಾರೀಖು ಮಾತ್ರ ನಡುವ, ಒಂದಽ ಸಲ.
ಅಂಕಿಗೆ ಜಗಳಿಲ್ಲ.
ಜತ್ತಿನಿಂದ ಬರೂ ಕೊನೇ ಬಸ್ಸು ಇಲ್ಲೇ ತಿರುಗತೈತಿ,
ಕಂಡಕ್ಟರ ಕಿಟಕಿಯಿಂದಽ ಓದಿಕೋತಾನ.

ಆರನೇ ತಾರೀಖು: ಮಾಳಪ್ಪನ ಮೇಳ, ಡೊಳ್ಳಿನ ಪದ.
ಊಟ ಮುಗಿಸಿ ಬರ್ರಿ. ಡೊಳ್ಳಿನ ತೊಗಲಿಗೆ ಕಾವು ಬೇಕು,
ಫ್ಯಾನು ಬಂದ್ ಇರತಾವು, ಬೀಸಣಿಗಿ ತರ್ರಿ.
ಹೋದ ಸಲ ಆ ಬಡಿತಕ್ಕ
ಗ್ವಾಡಿಗೆ ತೂಗಹಾಕಿದ್ದ ಪತ್‌ಸಂಸ್ಥೆಯ ಕ್ಯಾಲೆಂಡರು
ಮಾರ್ಚಿನಿಂದ ಮೇ ತನಕ ತಾನಽ ಹಾಳಿ ತಿರುವಿತ್ತು.

ಹದಿಮೂರಕ್ಕ ಏಕತಾರಿ.
ಇಬ್ಬರಽ ಬರತಾರ, ಸಂಖದ ಕಡೆ ತ್ವಾಟದ ವಸ್ತಿಯವರು.
ತಂಗಿ ಹಾಡತಾಳ, ಅಣ್ಣ ಮಾತಾಡಂಗಿಲ್ಲ.
ಮೈಕು ಬ್ಯಾಡ ಅಂದಾರ.
ಸೌಂಡಿನ ಇಲಾಹಿ ಮಾರಿ ಸಣ್ಣ ಮಾಡಿ
"ಬೆಳಕರೆ ಹಾಕತೀನಿ" ಅಂದ.
ಒಂದು ಬಲ್ಬಿಗೆ ಹಳದಿ ಕಾಗದ ಸುತ್ತಿ
ಈಗಿಂದಽ ತೆಗೆದಿಟ್ಟಾನ.

ಇಪ್ಪತ್ತಕ್ಕ "ಬ್ಯಾಂಜೊ" ಅಂತ ಬರದೆ.
ವರಾತದ ಪಾರ್ಟಿ ಅಂತ ತಿಳಿದು ಹುಡುಗರು ಸೀಟಿ ಹೊಡದರು.
ಅಲ್ಲೋ. ಮಿರಜಿನ ಮುದುಕ ಒಬ್ಬ,
ಟೈಪ್‌ರೈಟರಿನಂಥ ಗುಂಡಿ ಇರೂ ಪೆಟ್ಟಿಗಿ
ತೊಡೀಮ್ಯಾಲ ಇಟ್ಟಕೊಂಡು
ಬೀಸೂಕಲ್ಲಿನ ಪದ ನುಡಸತಾನ.
ಮೊಮ್ಮಗ ಗಿಟಾರು, ಅಳಿಯ ಪಿಟೀಲು.
ಕೇಳಿ ಬಂದ ನಮ್ಮತ್ತಿ ಅಂದಳು:
ಬೀಸೂದು ಬಿಟ್ಟು ಮೂವತ್ತು ವರ್ಷ,
ಕೈ ಮಾತ್ರ ಕತ್ತಲಾಗ ಗೂಟ ಹುಡುಕತಿತ್ತು.

ಇಪ್ಪತ್ತೇಳು.
ಇಲ್ಲಿಗೆ ಬಂದು ನನ್ನ ಖಡು ನಿಲ್ಲತೈತಿ.

ಗೀಗೀ ಪದ. ಹರದೇಶಿಗೆ ಭೂತಾಳಿ ಮಾಸ್ತರ,
ನಾಗೇಶಿಗೆ ಚಡಚಣದ ಗೋದುತಾಯಿ.
ಹೋದ ವರ್ಷ ಬೆಳಗಿನ ನಾಕರ ಹೊತ್ತಿಗೆ
ತುಂತುಣಿ ಎತ್ತಿ ಹಿಡಿದು ಆಕಿ ಒಂದು ಸವಾಲ್ ಒಗೆದಳು:
ಬೆಳಕಿಗಿಂತ ಮೊದಲ ಹುಟ್ಟಿದ ನೆರಳು
ಯಾರ ಮಗಳೋ, ಹೇಳೋ ಗಂಡಸ?

ಮಾಸ್ತರ ದಪ್ಪು ಕೆಳಗಿಟ್ಟ.
ಇಡೀ ಮಂದಿರದಾಗ ಒಬ್ಬರೂ ಕೆಮ್ಮಲಿಲ್ಲ.
ಹಾಲಿನ ಗಾಡಿ ಬಂತು, ಬೆಳ್ಳಗಾತು,
ಚಪ್ಪಲಿ ಹುಡುಕಿಕೊಂಡು ಮನಿಗೆ ಹೋದಿವಿ.

ಹನ್ನೊಂದು ತಿಂಗಳಾತು.
ದ್ರಾಕ್ಷಿ ಬಳ್ಳಿ ಕತ್ತರಸಕೋಂತ ಮಾಸ್ತರ ಫೋನ್ ಮಾಡತಾನ,
ಕತ್ತರಿ ಸಪ್ಪಳ ನನಗ ಕೇಳತೈತಿ:
"ಆಕಿ ಬರತಾಳೇನು? ಉತ್ತರ ಸಿಕ್ಕೈತಿ."
ನನಗರೆ ಹೇಳು ಅಂದ್ರ ಹೇಳಂಗಿಲ್ಲ.
"ಗಂಟು ಹಾಕಿದವರ ಮುಂದಽ ಬಿಚ್ಚಬೇಕವ್ವ."

ಆಕೀವು ಮೊಣಕಾಲು ಎರಡೂ
ಸೋಲಾಪುರದ ದವಾಖಾನ್ಯಾಗ ಕೊಯ್ದಾರ.
ಮೆಟ್ಟಿಲ ಹತ್ತಬ್ಯಾಡ ಅಂದಾರ.
ನಮ್ಮ ಕಟ್ಟಿಗೆ ಮೂರು ಮೆಟ್ಟಿಲ.

ಆಕಿ ಹೆಸರು ಬರದೆ. ಅಳಿಸಿದೆ. ಮತ್ತ ಬರದೆ, ಅಳಿಸಿದೆ.
ಅಳಿಸಿದಲ್ಲಿ ಒಂದು ಮಸಕು ಉಳೀತು.
ಕರಿ ಹಲಗಿಯ ನೆರಳು ಬಿಳೀದು,
ಇಷ್ಟು ದಿನ ಕಂಡಿದ್ದಿಲ್ಲ.

ಸಂಜೀಕ ಆಕೀದಽ ಫೋನು.
"ದಾನವ್ವ, ಕಟ್ಟಿ ಬ್ಯಾಡ, ಕೆಳಗ ಹಾಡೂಣು.
ಕೈ ಇರೂದೊಂದು ಕುರ್ಚಿ ಹಾಕು ನನಗ.
ಭೂತಾಳಿಗೂ ಹಾಕು.
ನಿಂತು ಹಾಡಿದ್ರ ಗೆದ್ದೆ ಅಂತಾನ, ಅಂವ ಅಂಥಾಂವ."

ಸ್ವಲ್ಪ ಸುಮ್ಮನಿದ್ದಳು.
"ಮತ್ತ, ಆ ಸವಾಲ್ ಐತೆಲ್ಲಾ,
ಅದರ ಉತ್ತರ ನನಗೂ ಗೊತ್ತಿಲ್ಲ.
ನಿದ್ದಿಗಣ್ಣಾಗ ಬಾಯಿಗೆ ಬಂತು, ಒಗೆದೆ.
ಅವಗ ಹೇಳಿಗೀಳೀ.
ಅಂವ ಏನಂತಾನ ಅಂತ ಕೇಳಾಕಽ ಬರಾಕತ್ತೀನಿ."

ಕೈ ಸೆರಗಿಗೆ ಒರೆಸಿಕೊಂಡು
ದಪ್ಪ ಅಕ್ಷರದಾಗ ಬರದೆ, ಎರಡೂ ಭಾಷಾದಾಗ:
ಇಪ್ಪತ್ತೇಳು, ರಾತ್ರಿ ಒಂಬತ್ತು.
ಇಬ್ಬರೂ ಕುಂತು ಹಾಡತಾರ.
ಟಿಕೀಟಿಲ್ಲ. ಚಾ ಐತಿ.
ಕುರ್ಚಿ ನಲವತ್ತು, ಮುರಿದವು ಮೂರು,
ಹಾಡವರಿಗೆ ಎರಡು.
ನಿಮಗ ಮೂವತ್ತೈದು.