ಸೆಕ್ಯುರಿಟಿ

ಮನಾಮಾದ ಈ ಹೋಟೆಲಿನಲ್ಲಿ ನನಗೆ ಹೆಸರಿಲ್ಲ.
ಎದೆಯ ಬಿಲ್ಲೆಯಲ್ಲಿದೆ, ಭೋಜರಾಜ ಕುಂದರ್; ಓದುವವರಿಲ್ಲ.
'ಸೆಕ್ಯುರಿಟೀ' ಎಂದು ಕೂಗುತ್ತಾರೆ,
ಓಡುತ್ತೇನೆ.

ಈ ಮೂರು ದಿನ ಒಳಗೆ ನನ್ನದೇ ಚರ್ಚೆ.
ಹದಿನೇಳು ದೇಶದವರು ಟೈ ಬಿಗಿದು ಕೂತು
ನನ್ನ ಅರ್ಥ ಹುಡುಕುತ್ತಿದ್ದಾರೆ.

ಬಾಗಿಲು ತೆರೆದಾಗೊಮ್ಮೆ
ಒಂದಿಷ್ಟು ತಂಪು, ಒಂದಿಷ್ಟು ಮಾತು ಹೊರಗೆ ಸೋರುತ್ತದೆ.
ಮೊದಲ ದಿನ ಹಳೆಯ ಪಾಠ:
ಗಡಿ, ಹಡಗುಪಡೆ, ಕ್ಷಿಪಣಿ ಹಾರುವ ದೂರ.
ಬಿಳಿಗಡ್ಡದವರೊಬ್ಬರು ನಕ್ಷೆಯ ಮೇಲೆ
ಕೆಂಪು ಬೆಳಕಿನ ಚುಕ್ಕೆ ಓಡಿಸಿದರು;
ನಮ್ಮ ಕ್ಯಾಂಪು ಅದರಡಿ ಮುಚ್ಚಿಹೋಯಿತು.

ಮರುದಿನ ಒಬ್ಬಳು ಎದ್ದಳು, ಕುವೈತಿನವಳಂತೆ.
ನೀರನ್ನೂ ಸೇರಿಸಿ ಅಂದಳು. ಅನ್ನವನ್ನೂ. ಬಿಸಿಲನ್ನೂ.
ಯಾರೋ ನಕ್ಕರು:
'ಎಲ್ಲವನ್ನೂ ತುಂಬಿದರೆ ಆ ಪದ ಹರಿದೀತು ತಾಯೀ.'

ನಾನು ಎರಡು ವರ್ಷ
ದ್ವೀಪದ ಇನ್ನೊಂದು ತುದಿಯಲ್ಲಿ, ಕಡಲನ್ನು ಸಿಹಿ ಮಾಡುವ
ಸ್ಥಾವರದ ಬೇಲಿ ಕಾದವನು, ರಾತ್ರಿ ಪಾಳಿ.
ಬಂದೂಕಿನವರು ಆಕಾಶ ನೋಡುತ್ತಿದ್ದರು.
ಬಂದದ್ದು ನೀರಿನಡಿಯಿಂದ.
ಲೋಳೆಮೀನು! ಬೆನ್ನೆಲುಬಿಲ್ಲದ ದಂಡು,
ಬಾವುಟವಿಲ್ಲ, ಬೇಡಿಕೆಯಿಲ್ಲ,
ಗಂಜಿಯ ಕೆನೆಯಂತೆ ಜಾಲರಿಗೆ ಅಂಟಿ
ಪಂಪು ಉಸಿರು ಕಟ್ಟಿತು.
ಬೆಳಗಾಗುವತನಕ ಬಾಚಿದೆವು, ನಾನೂ ಶೊಫಿಕುಲನೂ,
ಮೊಣಕೈವರೆಗೆ ಬೊಬ್ಬೆ.
ಊರು ಅಂದು ಮುಖ ತೊಳೆಯದೆ ಎದ್ದಿತು.
ಯಾವ ನಕ್ಷೆಯಲ್ಲೂ ಚುಕ್ಕೆ ಓಡಲಿಲ್ಲ.

'ಯಾರ ಭದ್ರತೆ?' ಆಕೆ ಕೇಳುತ್ತಲೇ ಇದ್ದಾಳೆ,
ಮೈಕು ಕಿರುಗುಟ್ಟುತ್ತಿದೆ.

ನನ್ನ ಪಾಸ್‌ಪೋರ್ಟು ಭದ್ರವಾಗಿದೆ, ಕಂಪನಿಯ ಕಪಾಟಿನಲ್ಲಿ.
ಎಷ್ಟು ಭದ್ರವೆಂದರೆ
ತಂಗಿಯ ಮದುವೆಗೂ ಹೊರಗೆ ಬರಲಿಲ್ಲ.
ಶೊಫಿಕುಲ ಜುಲೈಯ ಒಂದು ಮಧ್ಯಾಹ್ನ
ಗೋಡೆಯ ನೆರಳಿಗೆ ಕೂತವನು ಏಳಲಿಲ್ಲ.
ಕಾಗದದಲ್ಲಿ 'ಸಹಜ' ಎಂದು ಬರೆದರು.
ಆ ದಿನ ಗಡಿಗಳೆಲ್ಲ ಸುರಕ್ಷಿತವಾಗಿದ್ದವು.

ಮೂರನೆಯ ಸಂಜೆ ಹೇಳಿಕೆ ಹೊರಬಿತ್ತು.
ನಾಲ್ಕನೇ ಪುಟದ ಕೆಳಗೆ 'ಮಾನವ' ಎಂಬ ಮಾತು ಸೇರಿದೆಯಂತೆ.
ಕೈಕುಲುಕಿದರು, ಕಾರು ಬಂದವು.

ಖಾಲಿ ಸಭಾಂಗಣ ತಪಾಸಣೆ ನನ್ನ ಕೆಲಸ.
ಕುರ್ಚಿಯಡಿ ಬಗ್ಗಿ ನೋಡಿದೆ, ಪರದೆ ಸರಿಸಿದೆ.
ಮೇಜುಗಳ ಮೇಲೆ
ಅರ್ಧ ಕುಡಿದು ಬಿಟ್ಟ ನೀರಿನ ಬಾಟಲಿ, ನಲವತ್ತೊಂದು.
'ಅನುಮಾನಾಸ್ಪದ ವಸ್ತು ಏನೂ ಇಲ್ಲ'
ಎಂದು ವಹಿಯಲ್ಲಿ ಬರೆದು
ಪೂರ್ತಿ ಹೆಸರಿನ ಸಹಿ ಹಾಕಿದೆ.