ಮೊದಲ ವಾಚನ

ಸಿದ್ದಾಪುರದ ಫಾದರ್ ಚೀಟಿ ಕಳಿಸಿದ್ದಾರೆ:
ಈ ಭಾನುವಾರ ಮೊದಲ ವಾಚನ ಲೂರ್ದುಸ್ವಾಮಿ ಮೇಸ್ತ್ರಿಯದು.
ಲೈನ್‌ಮನೆಯ ಜಗಲಿಯಲ್ಲಿ ಕೂತು
ಬೆರಳಿಟ್ಟು ಓದಿದೆ.
ಎಲ್ಲರಿಗಿಂತ ಹೆಗಲಷ್ಟು ಎತ್ತರದ ಅರಸ,
ತಂತಿ ಮೀಟುವ ಹುಡುಗ,
ಗೋಡೆಗೆ ನಾಟಿದ ಭರ್ಜಿ.
ಮೂರು ಸಲ ಓದಿದೆ. ಮೂರು ಸಲವೂ
ಭರ್ಜಿ ಎಂಬಲ್ಲಿ ನಾಲಗೆ ತಡವರಿಸಿತು.

ನಾನೂ ಎತ್ತರದವನೇ.
ಮೂವತ್ತೊಂದು ವರ್ಷದ ಹಿಂದೆ
ಮೇಸ್ತ್ರಿ ಯಾರಾಗ್ತೀರಿ ಎಂದು ದೊರೆ ಕೇಳಿದಾಗ
ಗೊಬ್ಬರದ ಮೂಟೆಗಳ ಹಿಂದೆ ಅಡಗಿದ್ದೆ, ನಾಚಿಕೆಗೆ.
ತಲೆ ಕಾಣುತ್ತಿತ್ತಂತೆ.
ಎಳೆದು ತಂದು ಕೊರಳಿಗೆ ಸೀಟಿ ಹಾಕಿದರು.
ಅಂದಿನಿಂದ ಮಾಲ್ದಾರೆಯ ಈ ತೋಟದಲ್ಲಿ
ಬೆಳಗಾಗುವುದು ನಾನು ಊದಿದ ಮೇಲೆ.

ಈ ಸಲದ ಕೊಯ್ಲಿನಲ್ಲಿ
ಒಂಟಿದಂತದ ಸಲಗ ಆರನೇ ಬ್ಲಾಕಿಗೆ ಇಳಿಯಿತು.
ಹೆಂಗಸರು ಚೀಲ ಬಿಸಾಕಿ ಓಡಿದರು.
ನಾನು ಸಿಲ್ವರ್ ಮರದ ಹಿಂದೆ. ಮತ್ತೆ ಅದೇ, ಹಿಂದೆ.
ಪಣಿಯೆರವರ ಮುತ್ತ, ಮೀಸೆ ಬಾರದ ಪೋರ,
ಮೆಣಸಿನ ಏಣಿಯಿಂದ ಇಳಿದು ಕವಣೆ ಬೀಸಿದ.
ಆನೆಗಲ್ಲ, ಪಂಪ್‌ಶೆಡ್ಡಿನ ತಗಡಿಗೆ.
ಕಲ್ಲು ಎಷ್ಟು ಎಂದು ಕೇಳಬೇಡಿ.
ಎಣಿಸುವುದೇ ನನ್ನ ಕೆಲಸ; ಅವತ್ತು ಎಣಿಸಲಿಲ್ಲ.
ಸಲಗ ತಿರುಗಿ ಹೋಯಿತು, ಬೇಸರ ಬಂದವರ ಹಾಗೆ.

ಸಂಜೆ ತೂಕದ ಹೊತ್ತಿಗೆ ಜೆಸಿಂತ ಅಂದಳು:
ಮೇಸ್ತ್ರಿ ಕೂಗಿದರೆ ನಾವು ಓಡುತ್ತೇವೆ,
ಮುತ್ತ ಕೂಗಿದರೆ ಆನೆ ಓಡುತ್ತದೆ!
ಸಾಲಿಡೀ ನಕ್ಕಿತು. ನಾನೂ ನಕ್ಕೆ.
ನಗುತ್ತಲೇ ತಕ್ಕಡಿಯ ಮುಳ್ಳು ನೋಡಿ
ಅವನ ಹೆಸರಿನ ಮುಂದೆ
ಎರಡು ಕಿಲೋ ಕಡಿಮೆ ಬರೆದೆ.

ಆಮೇಲೆ ಕಂದಕದ ಬದಿಗೆ ರಾತ್ರಿ ಕಾವಲು ಹಾಕಿದೆ,
ಒಬ್ಬನನ್ನೇ, ಟಾರ್ಚಿಲ್ಲದೆ.
ಬೆಳಿಗ್ಗೆ ಬಂದ, ಮಡಿಲ ತುಂಬ ಕಿತ್ತಳೆ.
ನನಗೂ ಒಂದು ಕೊಟ್ಟ.
ಸಿಹಿಯಿತ್ತು. ಉಗಿದೆ.

ಮೊನ್ನೆ ಕಾಫಿ ಕಣದಲ್ಲಿ ನನ್ನದೇ ಪಾಳಿ.
ಕಂಬಳಿ ಹೊದ್ದವನಿಗೆ ಯಾವಾಗಲೋ ಜೊಂಪು.
ಎಚ್ಚರಾದಾಗ ತಲೆದೆಸೆಯ ಬೆತ್ತವಿಲ್ಲ, ನೀರಿನ ಬಾಟ್ಲಿಯಿಲ್ಲ.
ಹರಡಿದ ಹಣ್ಣಿನ ಮೇಲೆ, ನನ್ನ ಕಾಲಿಗೆ ಒಂದು ಮಾರು ದೂರ,
ಮೊರದಗಲದ ಹೆಜ್ಜೆ.
ಆಚೆ ಕಟ್ಟೆಯ ಮೇಲೆ ಅವನು ಕೂತಿದ್ದ,
ಪಕ್ಕದಲ್ಲಿ ನನ್ನ ಬಾಟ್ಲಿ, ಮಂಡಿಯ ಮೇಲೆ ನನ್ನ ಬೆತ್ತ.
ತಗೊಳ್ಳಿ ಮೇಸ್ತ್ರಿ, ಇಲ್ಲಿ ಮಲಗಬೇಡಿ, ಅಂದ.
ಅಷ್ಟೇ.
ಎರಡು ಕಿಲೋ ಮಾತು ಎತ್ತಲಿಲ್ಲ.
ಗೊತ್ತಿತ್ತು ಅವನಿಗೆ. ಕಣ್ಣು ನೋಡಿದರೆ ತಿಳಿಯದೇ?
ಕೂಗಾಡಿದ್ದರೆ, ದೊರೆಗೆ ದೂರು ಕೊಟ್ಟಿದ್ದರೆ
ನಾನು ಇವತ್ತು ಉಂಡು ಮಲಗುತ್ತಿದ್ದೆ.

ಆಫೀಸಿನ ಡ್ರಾಯರಿನಲ್ಲಿ ಹೊಸ ಸೀಟಿ ಇದೆಯೆಂದು ರೈಟರ್ ಹೇಳಿದ.
ಯಾರಿಗೆಂದು ಹೇಳಲಿಲ್ಲ, ನಾನು ಕೇಳಲಿಲ್ಲ.

ಭಾನುವಾರ ಜೆಸಿಂತ ಮೂರನೇ ಬೆಂಚಿನಲ್ಲಿ ಕೂರುತ್ತಾಳೆ.
ಲಾಟೀನಿನ ಬತ್ತಿ ಏರಿಸಿ
ನಾಲ್ಕನೇ ಸಲ ಮೊದಲಿನಿಂದ.
ಭರ್ಜಿ. ಭರ್ಜಿ.
ತೊದಲದೆ ಬರಬೇಕು.