ಬಡಿದು ನೋಡುವುದು

ಎರಡು ನಿಮಿಷ ನಲವತ್ತು ಸೆಕೆಂಡು.
ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು
ಖಣಿಯ ದಂಡೆಗೆ ಕೂತಿದ್ದಾಳೆ, ತೆರೆಯ ಮೇಲೆ, ಒಬ್ಬಾಕೆ.
ಕೆಳಗಿನಿಂದ ಹತ್ತಿ ಬರಬೇಕಾದವನು ಬರುವುದಿಲ್ಲ.
"ಇಲ್ಲಿ ತುಂಬ್ರಿ ಮಾಸ್ತರ್" ಅಂದ ನಿರ್ದೇಶಕ ಸಿದ್ರಾಮ,
"ಹನ್ನೆರಡು ವಯಲಿನ್ ಆದ್ರೂ ಬೇಕು. ಮಂದಿ ಅಳಬೇಕು."

ಕಲಬುರಗಿ ಬ್ರಹ್ಮಪುರದ ಬಾಡಿಗೆ ಕೋಣೆಯಲ್ಲಿ
ಒಂಬತ್ತು ರಾತ್ರಿ ತುಂಬಿದೆ.
ಶಿವರಂಜನಿ ಹಾಕಿದೆ, ಅದು ಅವಳಿಗಿಂತ ಮೊದಲೇ ಅತ್ತುಬಿಟ್ಟಿತು.
ಸಾರಂಗಿ ಹಾಕಿದೆ, ಅವಳ ಮುಂದೆಯೇ ಬಂದು ನಿಂತಿತು
ಮದುವೆಯ ಫೋಟೊಕ್ಕೆ ಅಡ್ಡ ನಿಲ್ಲುವ ಸೋದರಮಾವನ ಹಾಗೆ.
ಫ್ಯಾನು ನಿಲ್ಲಿಸಿ, ಕಿಟಕಿಗೆ ಕೌದಿ ಕಟ್ಟಿ,
ಬೆವರುತ್ತ ಎಲ್ಲ ಅಳಿಸಿದೆ.

ಹತ್ತನೆಯ ದಿನ ಶಹಾಬಾದಿನ ಬಸ್ಸು.
ಖಣಿಯಲ್ಲಿ ಮಶಾಕಸಾಬ ಒಂದೊಂದೇ ಫರಸಿಗೆ
ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ಬಡಿದು
ತಲೆ ಓರೆ ಮಾಡಿ ಕೇಳುತ್ತಿದ್ದ.
"ಟಣ್ ಅಂದ್ರ ಪೂರಾ ಅದ. ಠಪ್ ಅಂದ್ರ
ಒಳಗ ಬಿರುಕ ಅದ. ಕಣ್ಣಿಗಿ ಕಾಣಂಗಿಲ್ರಿ."
ನಾನು ಶ್ರುತಿ ಹಿಡಿದೆ: ಕರಿ ಎರಡಕ್ಕೆ ಒಂದು ಕೂದಲು ಕೆಳಗೆ.
"ಠಪ್ ಅಂದಿದ್ದು ಏನ್ ಮಾಡ್ತೀರಿ?"
"ಏನ್ ಮಾಡೂದು? ಅದರ ಮ್ಯಾಲ ಭಾರ ಹಾಕಬಾರ್ದು."

ಮರಳುವಾಗ ಸೀಟು ಸಿಗಲಿಲ್ಲ,
ಕಲ್ಲಿನ ಹಿಟ್ಟು ಹಲ್ಲಿಗೆ ಸಿಗುತ್ತಲೇ ಇತ್ತು.

ಆ ರಾತ್ರಿ ಚಿತ್ರವನ್ನು ಮೊದಲಿಂದ ಬಡಿಯುತ್ತ ಬಂದೆ.
ಬಿರುಕು ಖಣಿಯ ದಂಡೆಗೆ ಶುರುವಾಗಿರಲಿಲ್ಲ.
ಹದಿನೆಂಟು ನಿಮಿಷ ಹಿಂದೆ, ನಸುಕಿನಲ್ಲಿ,
ಅವಳು ರೊಟ್ಟಿ ಬಡಿಯುತ್ತ
ನಾಕು ಸಾಕೇನು, ಐದು ಕಟ್ಟಲೇನು, ಎಂದು ಕೇಳಿ
ಕಾರಣವಿಲ್ಲದೆ ನಗುತ್ತಾಳಲ್ಲ, ಅಲ್ಲಿ.
ಆ ಬಡಿತವನ್ನೇ ತಾಳ ಮಾಡಿ ಒಂದು ಕೊಳಲು ಕಟ್ಟಿದೆ.
ಸಾ ಬಿಟ್ಟು ಹೊರಟದ್ದು ನಿ ತನಕ ಬರುತ್ತದೆ.
ಮನೆ ಮುಟ್ಟಿಸಲಿಲ್ಲ.

ದಂಡೆಯ ಮೇಲೆ ಗಾಳಿ ಇದೆ,
ಗಂಟಿನ ಬಟ್ಟೆ ಒಮ್ಮೆ ಪಟಪಟ ಅನ್ನುತ್ತದೆ.
ಅಷ್ಟೇ.

"ಸುಮ್ನಿದ್ದಿದ್ದಕ್ಕ ರೊಕ್ಕ ಹ್ಯಾಂಗ ಕೊಡ್ಲಿ ಮಾಸ್ತರ್?"
ಸಿದ್ರಾಮ ಅರ್ಧ ನಗುತ್ತ ಕೇಳಿದ. ನನಗೂ ಗೊತ್ತಿರಲಿಲ್ಲ.
ಕೊನೆಗೆ ಹೆಸರುಗಳು ಬರುವಲ್ಲಿ
ಒಂದು ವಯಲಿನ್ನಿಗೆ ರಾಜಿಯಾದೆವು.

ಈ ಕೋಣೆಯ ನೆಲವೂ ಶಹಾಬಾದಿ ಫರಸಿಯೇ.
ದೀಪ ಆರಿಸಿ, ಬೆರಳ ಗೆಣ್ಣಿನಿಂದ
ಬಾಗಿಲಿನಿಂದ ಬಡಿಯುತ್ತ ಹೋದೆ.
ಟಣ್. ಟಣ್. ಟಣ್.
ಹನ್ನೊಂದು ವರ್ಷದಿಂದ ಪೇಟಿ ಇಟ್ಟ ಮೂಲೆಯದು...
ಎದ್ದು, ಪೇಟಿಯನ್ನು ಎತ್ತಿ
ಬೇರೆ ಕಡೆ ಇಟ್ಟೆ.